ಸೂರಿನ ಮೇಲಿನ ಗೂಳಿಗಳು

ಕೂಸ್ಕೊ ಪಟ್ಟಣದಲ್ಲಿ ಎಂಟು ದಿನ ತಂಗಲು ಒಂದು ಚೊಕ್ಕ ಜಾಗ ಸಿಗಲಿಲ್ಲ ಎಂದರೆ ನಂಬುತ್ತೀರಾ? ಬೀದಿಗೆ ಇಪ್ಪತ್ತು ಬೋರ್ಡು ನೇತಾಡುತ್ತಿವೆ. ಯಾವ್ಯಾವುದೋ ದೇಶದವರು ಬರುತ್ತಾರೆ, ಮಲಗುತ್ತಾರೆ, ಎದ್ದು ಹೋಗುತ್ತಾರೆ. ಗುಡ್ಡದಾಚೆಯ ಚಿಂಚೇರೊದಿಂದ ವ್ಯಾನಿನಲ್ಲಿ ಬಂದ ನಾನು, ಲಿಯೋಕಾಡಿಯಾ, ಐವತ್ತೆಂಟು ವರ್ಷದ ಹೆಂಗಸು, ಮಗಳ ಕೈ ಹಿಡಿದು ಎರಡು ದಿನ ಮೂಗು ಮುಚ್ಚಿಕೊಂಡು ಅಲೆದೆ. ಆ ಎರಡು ದಿನ ನೆನೆದರೆ ಈಗಲೂ ಹೊಟ್ಟೆ ತೊಳೆಸುತ್ತದೆ. ಆಮೇಲೆ ಸಿಕ್ಕಿತಲ್ಲ ಆ ಚೊಕ್ಕ ಜಾಗ, ಅದನ್ನು ನೆನೆದರೆ ವಾಂತಿಯೇ ಬರುತ್ತದೆ.

ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನೇಯುವವಳಿಗೆ ಕಣ್ಣು ಹೋದರೆ ಉಳಿಯುವುದೇನು? ಮೊದಮೊದಲು ಎಳೆಗಳನ್ನು ಬೆರಳಲ್ಲಿ ಎಣಿಸಿ ಹೇಗೋ ನಿಭಾಯಿಸಿದೆ. ಹೋದ ವರ್ಷ ನೇಯ್ದ ಹೊದಿಕೆಯಲ್ಲಿ ಹಕ್ಕಿಗೆ ಮೂರು ಕಾಲು ಬಂದವು. ಊರ ಹೆಂಗಸರು ನನ್ನೆದುರಿಗೆ ತುಟಿ ಬಿಚ್ಚಲಿಲ್ಲ, ನೀರಿಗೆ ಹೋದಾಗ ಹೇಳಿಕೊಂಡು ನಕ್ಕರು. ಕೊನೆಗೆ ಪಟ್ಟಣದ ಆಸ್ಪತ್ರೆಯಲ್ಲಿ ಬಲಗಣ್ಣಿಗೆ ಆಪರೇಷನ್ ದಿನ ಗೊತ್ತಾಯಿತು. ಆಗ ಡಾಕ್ಟರು ಬೆರಳೆತ್ತಿ ಹೇಳಿದ.

"ನೋಡಮ್ಮಾ, ಹೊಗೆ ಕೂಡದು, ಧೂಳು ಕೂಡದು, ಕೊಳಕು ಕೂಡದು. ಎಂಟು ದಿನ ದಿನಾ ಬೆಳಿಗ್ಗೆ ಬಂದು ತೋರಿಸ್ಬೇಕು. ಮನೆಗೆ ಹೋಗಿ ಒಲೆ ಊದ್ತೀನಿ ಅಂದ್ರೆ ಕಣ್ಣಿನ ಆಸೆ ಬಿಟ್ಬಿಡು."

ಆಸೆ ಬಿಡುವುದೆಂದರೇನು ಅಂತ ನನಗೆ ಗೊತ್ತಿತ್ತು. ನಮ್ಮೂರ ಬೆನಿತಾ ಆಪರೇಷನ್ ಆದ ಮಾರನೆ ದಿನವೇ ಊರಿಗೆ ಓಡಿ ಬಂದು ಒಲೆ ಮುಂದೆ ಕೂತಳು. ಕಣ್ಣು ಕೀವು ಕಟ್ಟಿ ಕಿತ್ತೇ ಹಾಕಬೇಕಾಯಿತು. ಈಗ ಅವಳ ಮುಖದಲ್ಲಿ ಆ ಕಡೆ ಇರುವುದು ಒಂದು ಹೊಲಿಗೆ ಮಾತ್ರ.

ಹಾಗಾಗಿ ಆಪರೇಷನ್ನಿಗೆ ಎರಡು ದಿನ ಮೊದಲೇ ನಾನು, ಮಗಳು ಯೆನಿ ಜಾಗ ಹುಡುಕಲು ಹೊರಟೆವು. ಮೊದಲು ಹೋದದ್ದು ಪಟ್ಟಣದ ನೆತ್ತಿಯ ಮೇಲೆ ಗುಡ್ಡ ಕಡಿದು ಮನೆ ಕಟ್ಟಿಕೊಂಡಿರುವ ಮೈದುನ ಫೋರ್ತುನಾತೊ ಹತ್ತಿರ. ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಮಂಚ, ಮಂಚದ ಕೆಳಗೆ ಅಡುಗೆಗೆಂದು ಸಾಕಿದ ಮೂವತ್ತು ಗಿನಿಯಿಲಿ. ಕಣ್ಣು ಮಂಜಾದವರಿಗೆ ಮೂಗು ಚುರುಕು. ಇಲಿಗಳ ಉಚ್ಚೆ, ಒದ್ದೆ ಹುಲ್ಲು, ಹಸಿ ಸೌದೆಯ ಹೊಗೆ ಎಲ್ಲ ಒಟ್ಟಿಗೆ ಬಂದು ಗಂಟಲಲ್ಲಿ ಕೂತವು.

"ಅತ್ತಿಗೇ, ಮಂಚ ನಿಮಗೆ, ನಾನು ಕೆಳಗೆ ಇವುಗಳ ಜೊತೆ ಮಲಗ್ತೀನಿ," ಅಂದ ಪಾಪ. ಅವನ ಪ್ರೀತಿಯೊಂದಕ್ಕೆ ವಾಸನೆ ಇರಲಿಲ್ಲ. ಬೇಯಿಸಿದ ಆಲೂಗಡ್ಡೆ ತಿಂದು, ಏನೋ ನೆಪ ಹೇಳಿ ಇಳಿದು, ಸಂಜೆಯ ವ್ಯಾನಿನಲ್ಲಿ ಊರಿಗೆ ಮರಳಿದೆವು.

ಮಾರನೆ ದಿನ ಆಸ್ಪತ್ರೆಯ ಎದುರಿನ ವಸತಿಗೃಹಕ್ಕೆ ಹೋದೆವು. ಒಡತಿ ಪಾಸ್ಕುವಾಲಾ ಬಾಗಿಲಲ್ಲೇ ಕೂತು ಕುರಿಯ ಕರುಳು ಸೀಳಿ ತೊಳೆಯುತ್ತಿದ್ದಳು. ಆ ನೀರು ಮೊದಲ ಮೆಟ್ಟಿಲ ಮೇಲೇ ಹರಿಯುತ್ತಿತ್ತು. ಕೋಣೆಗೆ ಹೋಗಿ ಹಾಸಿಗೆ ಮುಟ್ಟಿದೆ, ಜಿಗುಟು. ಯೆನಿ ದಿಂಬು ಎತ್ತಿ ಅಲ್ಲೇ ಬಿಟ್ಟಳು.

"ಅವ್ವಾ, ಯಾರದೋ ಕೂದಲು. ಗೋಡೆ ತುಂಬ ತಗಣೆ ಒರೆಸಿದ ರಕ್ತದ ಗೆರೆ."

"ಹಾಸಿಗೆ ಬಟ್ಟೆ ಬದಲಾಯಿಸ್ತೀರೇನಮ್ಮಾ?" ಅಂತ ನಾನು ಕೇಳಿದೆ.

"ಯಾಕೆ? ನಿನ್ನೆ ಮಲಗಿದ್ದವನು ಸತ್ತೇನೂ ಹೋಗಲಿಲ್ಲ, ವಾಸಿಯಾಗೇ ಮನೆಗೆ ಹೋದ," ಅಂದಳು ಪಾಸ್ಕುವಾಲಾ. "ನೋಡ್ರವ್ವಾ, ತಗಣೆ ಇವೆ. ಇಲ್ಲ ಅಂದ್ರೆ ನನ್ನ ನಾಲಿಗೇಲಿ ಹುಳ ಬೀಳುತ್ತೆ. ಬಿಸಿನೀರು ಬರಲ್ಲ. ಬೇಕಾದ್ರೆ ಇರಿ, ಬೇಡಾಂದ್ರೆ ದಾರಿ ಬಿಡಿ."

"ಥೂ!" ಎಂದು ಹೊರಗೆ ಬಂದು ಉಗಿದೆ. ಉಗಿದದ್ದು ಅವಳಿಗೆ ಕೇಳಿಸಿತು, ನಕ್ಕಳು.

ಇನ್ನು ಉಳಿದದ್ದು ಎಡೆಲ್ಮಿರಾಳ ಮನೆ. ನಿಜ ಹೇಳಬೇಕೆಂದರೆ ಮೊದಲು ಅಲ್ಲಿಗೇ ಹೋಗಬೇಕಿತ್ತು. ನಮ್ಮಲ್ಲಿ ಹೊಸ ಮನೆಗೆ ಹೆಂಚು ಹೊದಿಸುವ ದಿನ ಮಣ್ಣಿನ ಗೂಳಿಗಳ ಜೋಡಿಯನ್ನೂ ಕಬ್ಬಿಣದ ಶಿಲುಬೆಯನ್ನೂ ತಂದು ಸೂರಿನ ನೆತ್ತಿಯ ಮೇಲೆ ಇಡುವವಳು ಆ ಮನೆಗೆ ಕೊಮಾದ್ರೆ ಆಗುತ್ತಾಳೆ. ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಸಾಯುವ ತನಕ ಇಬ್ಬರೂ ಒಬ್ಬರನ್ನೊಬ್ಬರು ಬಹುವಚನದಲ್ಲೇ ಮಾತಾಡಿಸಬೇಕು. ಆ ಸೂರಿನಡಿ ಅವಳಿಗೊಂದು ಮೂಲೆ ಯಾವತ್ತೂ ಉಂಟು. ಇದನ್ನು ಯಾರೂ ಬರೆದಿಟ್ಟಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

ಸಾನ್ ಬ್ಲಾಸ್ ಕೇರಿಯ ಎಡೆಲ್ಮಿರಾಳ ಮನೆಗೆ ಹತ್ತೊಂಬತ್ತು ವರ್ಷದ ಹಿಂದೆ ಗೂಳಿ ಇಟ್ಟವಳು ನಾನು. ದೂರದ ಪುಕಾರಾದ ಕುಂಬಾರರ ಹತ್ತಿರ ಹೋಗಿ, ಲಾರಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಆರು ವರ್ಷದ ಯೆನಿ ತೂಕಡಿಸಿ ಮೇಲೆ ಬಿದ್ದು ಒಂದರ ಎಡಗೊಂಬು ಮುರಿದಿತ್ತು. ನನ್ನ ಗಂಡ ಹಿಲಾರಿಯೊ ಅದನ್ನು ಕರಿ ಅಂಟಿನಿಂದ ಕೂರಿಸಿದ್ದ. ಸೂರು ಹತ್ತಿ, ಗೂಳಿಗಳ ಬೆನ್ನಿನ ತೂತಿಗೆ ಮೆಕ್ಕೆಜೋಳದ ಕಳ್ಳು ಹೊಯ್ದು, "ಈ ಮನೇಲಿ ಅನ್ನ ತಪ್ಪದಿರಲಿ, ಜನ ತಪ್ಪದಿರಲಿ," ಎಂದು ಕೂಗಿದವಳು ನಾನೇ. ಕೆಳಗೆ ನಿಂತ ಎಡೆಲ್ಮಿರಾ ಗಳಗಳ ಅತ್ತಿದ್ದಳು. ತನ್ನ ಗಂಡ ತೀರಿಕೊಂಡ ಮೇಲೆ, ನಾಲ್ಕು ವರ್ಷದ ಹಿಂದೆ, ಅವಳು ಮನೆಯನ್ನು ಪ್ರವಾಸಿಗಳ ವಸತಿ ಮಾಡಿದಳು. ಕಾಸು ಕೊಟ್ಟವರು ಮಲಗುವ ಮಂಚದ ಮೇಲೆ ನಾನು ಬಿಟ್ಟಿ ಮಲಗುವುದು ಹೇಗೆ ಎಂದು ಸಂಕೋಚ. ಅದಕ್ಕೇ ಆ ಕಡೆ ತಲೆ ಹಾಕಿರಲಿಲ್ಲ. ಈಗ ಬೇರೆ ದಾರಿ ಕಾಣದೆ ಹೋಗಿ ಬಾಗಿಲು ತಟ್ಟಿದೆ.

"ಅಯ್ಯೋ ನನ್ನ ಕೊಮಾದ್ರೆ! ನನ್ನ ಪ್ರಾಣವೇ! ಬೇರೆ ಕಡೆ ಹೋಗಿ ಜಾಗ ಕೇಳಿದ್ರಂತೆ? ನನ್ನ ಮುಖಕ್ಕೆ ಮಸಿ ಬಳೀಬೇಕೂಂತಿದ್ರಾ?"

ಮಾತು ಎಂದರೆ ಎಡೆಲ್ಮಿರಾಳದು. ಬೆಲ್ಲ ಸುರಿಯುತ್ತದೆ. ತಬ್ಬಿಕೊಂಡಾಗ ಹೂವಿನ ಸೆಂಟು ನನ್ನ ಮೂಗಿಗೆ ಏರಿ ಸೀನು ಬಂತು. ಒಳಗೆ ಗೋಡೆ ಮುಟ್ಟಿಸಿದಳು. "ಇಂಕಾ ದೊರೆಗಳ ಕಾಲದ ಗೋಡೆ ಕೊಮಾದ್ರೆ, ಅಡಿಪಾಯ ಅಗೆದಾಗ ಸಿಕ್ತು." ಕೈಯಾಡಿಸಿದೆ. ಆ ಮನೆಯ ಅಡಿಪಾಯ ಅಗೆದ ದಿನ ನಾನೂ ಅಲ್ಲಿದ್ದೆ, ಸಿಕ್ಕಿದ್ದು ಒಂದು ಸತ್ತ ನಾಯಿಯ ಬುರುಡೆ. ಉಗುರಿನಿಂದ ಗೀರಿದರೆ ಸಿಮೆಂಟು ಉದುರಿತು.

"ನನ್ನ ಗೂಳಿಗಳು ಹೇಗಿವೆ?" ಎಂದೆ.

"ಅವಕ್ಕೇನು ಕೊಮಾದ್ರೆ, ಅವುಗಳ ಜಾಗದಲ್ಲಿ ಅವು ಇವೆ."

ಅಂಗಳದಲ್ಲಿ ನಿಂತು ಮೇಲೆ ನೋಡಿದೆ. ಬೆಳಕಿನಲ್ಲಿ ಎರಡು ಕಪ್ಪು ಗುಪ್ಪೆ ಕಂಡವು. ಎದೆ ತಣ್ಣಗಾಯಿತು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕೈ ಮುಗಿದೆ. ಆಮೇಲೂ ಅಂಗಳ ದಾಟುವಾಗಲೆಲ್ಲ ಹಾಗೇ ಮಾಡಿದೆ. ಯೆನಿಯೂ ಮೇಲೆ ನೋಡಿದಳು, ಗಂಟು ಎತ್ತಿಕೊಂಡು ಕೋಣೆಗೆ ನಡೆದಳು.

ಕೋಣೆಯೇನೋ ಚೊಕ್ಕಟವಾಗಿತ್ತು. ಬಿಳಿ ಹಾಸಿಗೆ, ಬಿಸಿನೀರು, ಕೋಣೆಗಂಟಿದ ಬಾತ್‌ರೂಮು. ಹೊಗೆ ಇಲ್ಲ, ಧೂಳಿಲ್ಲ, ಆಸ್ಪತ್ರೆಗೆ ಹತ್ತು ನಿಮಿಷ. ಕಣ್ಣು ಉಳಿಯುವುದಿದ್ದರೆ ಇಲ್ಲೇ ಉಳಿಯುತ್ತದೆ ಎಂದುಕೊಂಡೆ. ಆಪರೇಷನ್ ಆಯಿತು. ಬಲಗಣ್ಣಿಗೆ ಪಟ್ಟಿ ಕಟ್ಟಿ ಕಳಿಸಿದರು. ಎಡಗಣ್ಣಿನಲ್ಲಿ ಹಳೆಯ ಮಂಜೇ. ಗೋಡೆ ಹಿಡಿದು ಓಡಾಡಬೇಕಿತ್ತು. ಬಾತ್‌ರೂಮಿಗೆ ಹೋದಾಗಲೆಲ್ಲ ಕಕ್ಕಸಿನ ಪಕ್ಕ ಏನೋ ಮಡಕೆಯಂಥದ್ದು ಕಾಲಿಗೆ ತಾಗುತ್ತಿತ್ತು. ಅದರೊಳಗೆ ಕಕ್ಕಸು ಉಜ್ಜುವ ಬ್ರಷ್ಷು. ಒಂದು ಸಲ ತಡವರಿಸಿ ಕೈಯನ್ನೇ ಅದ್ದಿಬಿಟ್ಟೆ. ಅಬ್ಬಾ, ಆ ತಣ್ಣನೆ ಲೋಳೆ! ಸೋಪು ಹಚ್ಚಿ ಮೂರು ಸಲ ತೊಳೆದೆ. ಅಲ್ಲಿಂದ ಮುಂದೆ ಒಳಗೆ ಕಾಲಿಟ್ಟ ಕೂಡಲೇ ಅದನ್ನು ಪಾದದಿಂದ ಮೂಲೆಗೆ ತಳ್ಳುವುದು ರೂಢಿಯಾಯಿತು. ದಿನಾ ಗುಡಿಸಲು ಬರುವ ಕೆಲಸದವಳು ಮತ್ತೆ ಮಧ್ಯಕ್ಕೆ ಇಟ್ಟಿರುತ್ತಿದ್ದಳು. "ದರಿದ್ರ ಮಡಕೆ," ಎಂದು ಬೈದು ಮತ್ತೆ ಒದೆಯುತ್ತಿದ್ದೆ.

ಎರಡನೇ ದಿನ ಎಡೆಲ್ಮಿರಾ ಬಂದಳು.

"ಕೋಣೇಲಿ ಕೂತ್ರೆ ಬೇಜಾರಲ್ವಾ ಕೊಮಾದ್ರೆ? ಅಂಗಳದಲ್ಲಿ ನೆರಳಿದೆ, ಬನ್ನಿ. ಚಿಂಚೇರೊದ ಕೆಂಪು ಅಂಗಿ ಹಾಕ್ಕೊಳ್ಳಿ, ಚೆನ್ನಾಗಿ ಕಾಣ್ತೀರಿ. ಕೈಗೆ ಕದಿರು ಇರಲಿ, ಹೊತ್ತು ಹೋಗುತ್ತೆ. ಟೋಪಿ ಮಾತ್ರ ಸ್ವಲ್ಪ ಮುಂದಕ್ಕೆ ಎಳ್ಕೊಳ್ಳಿ, ಪಟ್ಟಿ ಕಾಣೋದು ಬೇಡ."

ಪಟ್ಟಿ ಕಂಡರೇನು ಎಂದು ನನಗೆ ಹೊಳೆಯಲಿಲ್ಲ. ಹೋಗಿ ಕೂತೆ. ಉಣ್ಣೆ ನೂಲುವುದಕ್ಕೆ ಕಣ್ಣು ಬೇಡ, ಬೆರಳು ಸಾಕು. ಸ್ವಲ್ಪ ಹೊತ್ತಿಗೆ ಸುತ್ತ ಕ್ಲಿಕ್ಕು ಕ್ಲಿಕ್ಕು ಸದ್ದು. ಯಾರೋ ಬಂದು ನನ್ನ ಪಕ್ಕ ಒತ್ತಿ ಕೂತರು, ಬಿಸಿಲಿಗೆ ಹಚ್ಚಿಕೊಳ್ಳುವ ಎಣ್ಣೆಯ ವಾಸನೆ, ನನ್ನ ಜಡೆ ಎತ್ತಿ ತೂಗಿ ನೋಡಿದರು. ಎಡೆಲ್ಮಿರಾ ಅವರ ಭಾಷೆಯಲ್ಲಿ ಏನೋ ಹೇಳಿದಳು, ಎಲ್ಲರೂ "ಓ" ಎಂದರು.

"ಏನಂದ್ಳೇ?" ಎಂದು, ಶಾಲೆಯಲ್ಲಿ ಆ ಭಾಷೆ ಕಲಿತಿದ್ದ ಯೆನಿಯನ್ನು ಕೇಳಿದೆ.

"ಬಿಡವ್ವಾ."

"ಹೇಳೇ ಅಂದ್ರೆ!"

"ನೀನು ಅವಳ ಅಜ್ಜಿ ಅಂತೆ. ವಯಸ್ಸು ತೊಂಬತ್ತೈದು. ಇದೇ ಮನೇಲಿ ಹುಟ್ಟಿದ್ದಂತೆ."

ಮೈಯೆಲ್ಲ ಉರಿದುಹೋಯಿತು. ನನಗಿಂತ ಎರಡು ವರ್ಷ ದೊಡ್ಡವಳು ಆ ಎಡೆಲ್ಮಿರಾ! ಕದಿರು ಎಸೆದು ಎದ್ದೆ. ಯೆನಿ ನನ್ನ ತೋಳು ಹಿಡಿದಳು.

"ಎಲ್ಲಿಗೆ ಹೋಗ್ತೀಯವ್ವಾ? ತಗಣೆ ಹತ್ರಕ್ಕಾ, ಇಲಿ ಹತ್ರಕ್ಕಾ? ಇನ್ನು ಆರು ದಿನ. ಬೆನಿತಾನ ನೆನಪು ಮಾಡ್ಕೋ."

ನೆನಪು ಮಾಡಿಕೊಂಡೆ, ಆ ಹೊಲಿಗೆಯನ್ನು. ಮತ್ತೆ ಕೂತೆ. ಸರ್ಕಸ್ಸಿನ ಕೋತಿಯೂ ನನಗಿಂತ ವಾಸಿ, ಅದಕ್ಕೆ ಕಟ್ಟಿದ ಹಗ್ಗವಾದರೂ ಇರುತ್ತದೆ. ನಾನು ನಾನಾಗಿ ಕೂತಿದ್ದೆ. ದಿನಾ ಬೆಳಗಿನ ತಿಂಡಿಯ ಹೊತ್ತಿಗೆ ಹೋಗಿ ಕೂತೆ. ಕೋಕಾ ಎಲೆ ಬಾಯಿಗೆ ಹಾಕಿಕೊಂಡು, ಕಹಿ ಎಂದು ಹೂಕುಂಡಕ್ಕೆ ಉಗಿಯುವವರ ಮುಂದೆ ಕೂತೆ. ನಾವು ಊದಿ, ನಮಸ್ಕರಿಸಿ, ಆಮೇಲೆ ಬಾಯಿಗಿಡುವ ಎಲೆ ಅದು. ಆ ಉಗುಳು ನನ್ನ ಅಂಗಿಯ ಅಂಚಿಗೂ ಸಿಡಿಯುತ್ತಿತ್ತು. ಒಳಗೆ ಹೋಗಿ ಆ ಸಿಟ್ಟನ್ನೆಲ್ಲ ಮಡಕೆಯ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಎಂಟನೇ ದಿನ ಬೆಳಿಗ್ಗೆ ಡಾಕ್ಟರು ಪಟ್ಟಿ ಪೂರ್ತಿ ಬಿಚ್ಚಿದ.

ಏನು ಹೇಳಲಿ! ಮೊದಲು ಕಂಡದ್ದು ಅವನ ಮೂಗಿನ ಕೂದಲು, ಒಂದೊಂದಾಗಿ. ಆಮೇಲೆ ಕಿಟಕಿ, ಕಿಟಕಿಯಾಚೆ ಗುಡ್ಡ, ಗುಡ್ಡದ ಮೇಲೆ ಹೋಗುತ್ತಿದ್ದ ಒಬ್ಬ ಮನುಷ್ಯ, ಅವನ ಹಿಂದೆ ನಾಯಿ. ಯೆನಿಯ ಕಡೆ ತಿರುಗಿ, "ಅಯ್ಯೋ ಹುಡುಗಿ, ನಿನ್ನ ಬೈತಲೇಲಿ ಬಿಳಿಕೂದಲು!" ಎಂದೆ. ಅವಳು ನಕ್ಕಳು, ಅತ್ತಳು. ನಾನೂ ಅತ್ತೆ.

"ಅಳಬೇಡಮ್ಮಾ, ಹೊಲಿಗೆ ಹಸಿ ಇದೆ," ಎಂದು ಗದರಿದ ಡಾಕ್ಟರು. "ಮುಂದಿನ ತಿಂಗಳು ಎಡಗಣ್ಣು. ಮತ್ತೆ ಎಂಟು ದಿನ, ಇದೇ ಪಥ್ಯ."

ಗಂಟು ಕಟ್ಟಿಕೊಂಡು ಹೊರಡಲು ಎಡೆಲ್ಮಿರಾಳ ಮನೆಗೆ ಬಂದೆವು. ಅಂಗಳದಲ್ಲಿ ನಿಂತು ಸೂರಿನ ನೆತ್ತಿ ನೋಡಿದೆ. ಗೂಳಿಗಳಿಗೆ ಕೈ ಮುಗಿದು ಹೋಗೋಣ ಎಂದು. ಅಲ್ಲಿ ಇದ್ದದ್ದು ಎರಡು ಕಪ್ಪು ನೀರಿನ ಟ್ಯಾಂಕು. ಶಿಲುಬೆಯಿದ್ದ ಜಾಗದಲ್ಲಿ ಗಾಜಿನ ಮಂಟಪ, ಅದರೊಳಗೆ ತಿಂಡಿಯ ಮೇಜುಗಳು. ಟ್ಯಾಂಕುಗಳಿಗೆ ಎಂಟು ದಿನ ಕೈ ಮುಗಿದಿದ್ದೆ ನಾನು!

"ಯೆನೀ, ನನ್ನ ಗೂಳಿಗಳೆಲ್ಲಿ?"

ಅವಳ ಕಣ್ಣು ನಮ್ಮ ಕೋಣೆಯ ಕಡೆ ಹೋಯಿತು. ನಾನು ಒಳಗೆ ಹೋದೆ. ಬಾತ್‌ರೂಮಿನ ಬಾಗಿಲು ತೆರೆದೆ.

ಕಕ್ಕಸಿನ ಪಕ್ಕ, ಮೂಲೆಗೆ ತಿರುಗಿ, ನಾನು ಬೆಳಿಗ್ಗೆ ಒದ್ದಿದ್ದ ಹಾಗೇ ನಿಂತಿತ್ತು. ಕೆಂಪು ಮಣ್ಣಿನ ಮೈ, ಉಬ್ಬಿದ ಕಣ್ಣು, ಎಡಗೊಂಬಿನಲ್ಲಿ ಕರಿ ಅಂಟಿನ ಉಂಗುರ. ನಾನು ಕಳ್ಳು ಹೊಯ್ದ ಬೆನ್ನಿನ ತೂತಿನಲ್ಲಿ ಆ ಬ್ರಷ್ಷು. ಎತ್ತಿಕೊಳ್ಳಲು ಕೈ ಚಾಚಿದೆ. ಬಗ್ಗಬಾರದು ಎಂದಿದ್ದ ಡಾಕ್ಟರು. ಬಗ್ಗಲಿಲ್ಲ, ಅಲ್ಲೇ ಕಕ್ಕಸಿನ ಮುಚ್ಚಳದ ಮೇಲೆ ಕೂತೆ, ಮತ್ತೆ ಮತ್ತೆ ವಾಕರಿಸಿದೆ.

"ನಿನಗೆ ಯಾವಾಗ ಗೊತ್ತಾಯ್ತೇ?" ಎಂದೆ.

"ಮೊದಲ ದಿನವೇ," ಎಂದಳು ಯೆನಿ ಬಾಗಿಲಲ್ಲಿ ನಿಂತು. "ಕೊಂಬು ಮುರಿದವಳು ನಾನಲ್ವಾ, ನನಗೆ ಗೊತ್ತಾಗಲ್ವಾ?"

"ಬಾಯಿ ಸತ್ತುಹೋಗಿತ್ತೇನೇ ನಿನಗೆ?"

"ಹೇಳಿದ್ರೆ ನೀನು ಆ ಕ್ಷಣವೇ ಎದ್ದು ಹೋಗ್ತಿದ್ದೆ. ತಗಣೆ ಹಾಸಿಗೇಲಿ ಮಲಗ್ತಿದ್ದೆ. ಕಣ್ಣು ಹೋಗ್ತಿತ್ತು. ನನಗೆ ಗೂಳಿಗಿಂತ ನಿನ್ನ ಕಣ್ಣು ಮುಖ್ಯ. ಬೈಯೋದಿದ್ರೆ ಬೈಯವ್ವಾ."

ಅವಳು ಹೇಳಿದ್ದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ.

ಬ್ರಷ್ಷನ್ನು ಎಳೆದೆ. ಯೆನಿ ಗೂಳಿಯನ್ನು ಎತ್ತಿ ನನ್ನ ಕಂಕುಳಿಗೆ ಕೊಟ್ಟಳು. ಒಂದು ಕೈಯಲ್ಲಿ ಗೂಳಿ, ಇನ್ನೊಂದರಲ್ಲಿ ತೊಟ್ಟಿಕ್ಕುವ ಬ್ರಷ್ಷು. ಅಂಗಳ ದಾಟಿ ಹೋದೆ. ತಿಂಡಿ ಮುಗಿಸಿ ಕೂತಿದ್ದ ಪ್ರವಾಸಿಗಳು ಫೋನು ಎತ್ತಿದರು. ಯಾವನೋ ಒಬ್ಬ ಚಪ್ಪಾಳೆ ತಟ್ಟಿದ, ಮಿಕ್ಕವರೂ ತಟ್ಟಿದರು. ತೊಂಬತ್ತೈದರ ಅಜ್ಜಿ ಏನೋ ಕುಣಿತ ತೋರಿಸುತ್ತಾಳೆ ಎಂದುಕೊಂಡರೋ ಏನೋ. ನಾನು ನೇರ ಎಡೆಲ್ಮಿರಾಳ ಮೇಜಿನ ಹತ್ತಿರ ಹೋಗಿ, ಅತಿಥಿಗಳು ಹೊಗಳಿಕೆ ಬರೆಯಲೆಂದು ತೆರೆದಿಟ್ಟಿದ್ದ ದೊಡ್ಡ ಪುಸ್ತಕದ ಮೇಲೆ ಬ್ರಷ್ಷು ಇಟ್ಟೆ.

"ಕೊಮಾದ್ರೆ! ಇದೇನಿದು!"

"ಅದನ್ನ ನೀನು ಹೇಳ್ಬೇಕು," ಎಂದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದೆ. ಅವಳ ಮುಖ ಬಿಳಿಚಿಕೊಂಡದ್ದು ನನ್ನ ಹೊಸ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು. ಹಚ್ಚಿದ ಪೌಡರಿನಲ್ಲಿ ಬಿರುಕು ಬಿಟ್ಟದ್ದೂ ಕಂಡಿತು.

"ಗಾಜಿನ ಮಂಟಪ ಕಟ್ಟುವಾಗ ಇಳಿಸ್ಬೇಕಾಯ್ತು ಕೊಮಾದ್ರೆ," ಎಂದಳು ದನಿ ತಗ್ಗಿಸಿ. "ಒಂದು ಕೈಜಾರಿ ಒಡೆದುಹೋಯ್ತು. ಲೀಮಾದಿಂದ ಅಲಂಕಾರದವನು ಬಂದಿದ್ದ, ಪ್ರತಿ ಮೂಲೇಲೂ ಊರಿನ ಸೊಗಡು ಇರ್ಬೇಕು ಅಂದ. ಎಸೆಯೋಕೆ ಮನಸ್ಸು ಬರಲಿಲ್ಲ. ಅದಕ್ಕೇ, ನೋಡಿ, ಒಳ್ಳೇ ಬಾತ್‌ರೂಮಲ್ಲೇ ಇಟ್ಟಿದ್ದೆ!"

"ಒಳ್ಳೇ ಬಾತ್‌ರೂಮು!" ಎಂದೆ. "ಥೂ ನಿನ್ನ! ಈ ಮನೇಲಿ ಜನ ತಪ್ಪದಿರಲಿ ಅಂತ ಇದರ ಬೆನ್ನಿಗೆ ಕಳ್ಳು ಹೊಯ್ದೆನಲ್ಲೇ. ನಿನಗೆ ಜನ ತಪ್ಪಿಲ್ಲ. ಊರೂರಿಂದ ಬಂದು ಇದರ ಪಕ್ಕದಲ್ಲೇ ಕೂತು ಎದ್ದು ಹೋಗಿದಾರೆ. ಇಟ್ಟವಳು ನಾನು, ತಗೊಂಡು ಹೋಗುವವಳೂ ನಾನು. ಇವತ್ತಿನಿಂದ ಈ ಸೂರಿಗೆ ಕೊಮಾದ್ರೆ ಇಲ್ಲ."

"ಹೋಗಿ, ಹೋಗಿ," ಎಂದಳು. ಬೆಲ್ಲ ಕರಗಿಹೋಗಿತ್ತು. "ಎಂಟು ದಿನ ಬಿಳಿ ಹಾಸಿಗೇಲಿ ಮಲಗಿದ್ದು ನೆನಪಿರಲಿ. ಮುಂದಿನ ತಿಂಗಳು ಇನ್ನೊಂದು ಕಣ್ಣಿಗೆ ಯಾರ ಬಾಗಿಲಿಗೆ ಹೋಗ್ತೀರೋ ನೋಡೋಣ."

ಆ ಮಾತು ನಾಟಿತು. ನಾಟಲಿಲ್ಲ ಎಂದು ಹೇಳಿ ಏನು ಪ್ರಯೋಜನ? ನಾನು ಗೂಳಿಯನ್ನು ಹೊದಿಕೆಯಲ್ಲಿ ಸುತ್ತಿ ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು ಮೆಟ್ಟಿಲಿಳಿದೆ.

ಚಿಂಚೇರೊದ ವ್ಯಾನಿನಲ್ಲಿ ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರು. ಗೂಳಿಯ ಹೊಟ್ಟೆಯೊಳಗಿನ ನೀರು ನನ್ನ ಬೆನ್ನಿಗೆ ಇಳಿಯುತ್ತಿತ್ತು.

"ಮುಂದಿನ ತಿಂಗಳು ಎಲ್ಲಿಗವ್ವಾ?" ಎಂದಳು ಯೆನಿ ಮೆಲ್ಲಗೆ.

"ಪಾಸ್ಕುವಾಲಾ ಹತ್ರ."

"ತಗಣೆ!"

"ಎರಡು ದಿನ ಮೊದಲೇ ಹೋಗೋಣ. ಕುದಿಯೋ ನೀರು, ಸುಣ್ಣ, ಪೊರಕೆ ನಮ್ಮದೇ. ಹಾಸಿಗೆ ಬಟ್ಟೆ ಮನೆಯಿಂದ ತರೋಣ. ಅವಳು ತಗಣೆ ಇವೆ ಅಂತ ಬಾಗಿಲಲ್ಲೇ ಹೇಳಿದ್ಳಲ್ಲ. ಅಷ್ಟು ಹೇಳೋ ಬಾಯಿ ಈ ಊರಲ್ಲಿ ಇನ್ಯಾರಿಗಿದೆ?"

ಮನೆಯಲ್ಲಿ ಹಿಲಾರಿಯೊ ನಾನು ಹೇಳಿದ್ದನ್ನೆಲ್ಲ ಕೇಳಿ ಹಲ್ಲು ಕಡಿದ. ಗೂಳಿಯನ್ನು ಬೂದಿ ಹಾಕಿ ಉಜ್ಜಿದ, ಸುಣ್ಣದ ನೀರಿನಲ್ಲಿ ಮೂರು ದಿನ ಮುಳುಗಿಸಿಟ್ಟ, ಬಿಸಿಲಿಗೆ ಒಣಗಿಸಿದ. ಮೂಸಿ ನೋಡಿ, "ಈಗ ಏನೂ ಇಲ್ಲ," ಎಂದ. ಏಣಿ ತಂದು ನಮ್ಮ ಸೂರಿಗೆ ಒರಗಿಸಿದ. "ಬಾ, ನೀನೇ ಇಡು."

"ಬೇಡ," ಎಂದೆ. "ನನ್ನ ಮಗ್ಗದ ಎದುರಿಗಿರಲಿ."

ಯಾಕೆ ಎಂದು ಅವನು ಕೇಳಿದ. ಜೋಡಿಯಿಲ್ಲದ ಗೂಳಿಯನ್ನು ಸೂರಿನ ಮೇಲಿಡಬಾರದು ಎಂದೆ. ಅದು ನಿಜವೇ, ಅವನು ಒಪ್ಪಿದ. ಈಗ ನನ್ನ ಹಕ್ಕಿಗಳಿಗೆ ಎರಡೇ ಕಾಲು, ಎಳೆ ಒಂದೂ ತಪ್ಪುವುದಿಲ್ಲ. ತಲೆ ಎತ್ತಿದಾಗಲೆಲ್ಲ ಗೂಳಿ ಕಾಣುತ್ತದೆ, ಅಂಟು ಹಾಕಿದ ಕೊಂಬು ಸಮೇತ. ಎಡೆಲ್ಮಿರಾ ಮಾಡಿದ್ದನ್ನು ಊರಿಗೆಲ್ಲ ಸಾರಿದ್ದೇನೆ, ಒಂದನ್ನೂ ಬಿಟ್ಟಿಲ್ಲ. ಆದರೆ ಎಂಟು ದಿನ ಅದನ್ನು ಒದ್ದ ಕಾಲು ಯಾರದು ಎಂದು ಹಿಲಾರಿಯೊಗೆ ಇವತ್ತಿನವರೆಗೂ ಹೇಳಿಲ್ಲ.